ಸೊನ್ನೆ ಕಿಲೋ ಮೀನಿನ ಕೆರೆ

ಕೆರೆಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ಬಡಾವಣೆಯ ಹಿಂದಿನ ಚಿಕ್ಕ ಕೆರೆಯಿಂದ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲವೆಂದು ತೀರ್ಮಾನಿಸಿ, ಸೋಮವಾರದಿಂದ ಅದನ್ನು ಬತ್ತಿಸಿ ವಾಹನ ನಿಲ್ದಾಣ ಮಾಡಲು ಹೊರಟಿದ್ದೀರಿ. ಆಧಾರ: ಅಲ್ಲಿ ಗಾಳ ಹಾಕುವವರು ಮನೆಗೊಯ್ಯುವ ಮೀನು ಸೊನ್ನೆ ಕಿಲೋ. ಅಂಕಿ ಸರಿಯಾಗಿದೆ. ಬರೆದವಳು ನಾನೇ.

ದಡದಲ್ಲಿ ನಮ್ಮದೊಂದು ಗಾಳ, ದಾರ, ಎರೆಹುಳುವಿನ ಅಂಗಡಿ. ನಿಮ್ಮ ಸಮೀಕ್ಷೆಯವರು ಬಂದ ದಿನ ಕಂಕುಳಲ್ಲಿ ಏಳು ತಿಂಗಳ ಮಗಳಿದ್ದಳು. ಆದರೂ ಡಿಗ್ರಿ ಓದಿದವಳೆಂದು ನಲವತ್ತೊಂದು ಜನರ ನಮೂನೆಗಳು ನನ್ನ ಕೈಗೇ ಬಂದವು. ಅದರಲ್ಲಿದ್ದುದು ಒಂದೇ ಪ್ರಶ್ನೆ: ಒಯ್ಯುವ ಮೀನಿನ ತೂಕವೆಷ್ಟು? ನಿವೃತ್ತ ಬಸ್ ಚಾಲಕರೊಬ್ಬರು ಎದೆಯುಬ್ಬಿಸಿ ಹೇಳಿದರು: "ಸೊನ್ನೆ ಅಂತ ಬರಿಯಮ್ಮ. ಹಿಡೀತೀವಿ, ಮುಖ ನೋಡ್ತೀವಿ, ವಾಪಸ್ ಬಿಡ್ತೀವಿ. ನಾವೇನು ಹೊಟ್ಟೆಗಿಲ್ದೆ ಬರ್ತೀವಾ?" ಹಿಡಿದ ಮೀನನ್ನು ನೀರಿಗೇ ಬಿಡುವುದು ಇಲ್ಲಿಯ ಕಟ್ಟುಪಾಡು. ಉಳಿದವರೂ ಅದೇ ಜಂಬದಲ್ಲಿ ಸೊನ್ನೆ ಬರೆಸಿದರು. ನಾನೂ ಗುಂಡಗೆ ಬರೆದೆ.

ಮೀನು ನೀರಲ್ಲೇ ಉಳಿಯುವುದರಿಂದಲ್ಲವೇ ಜನ ಮುಂದಿನ ವಾರವೂ ಬರುವುದು? ಬಂದವರು ಗಾಳಿ ಕುಡಿದು ಹೋಗುತ್ತಾರೆಯೇ? ಬಾಡಿಗೆ ಗಾಡಿಯವನು, ಮೂಲೆಯ ಬೇಕರಿಯಾಕೆ, ಗಾಳದ ರೀಲು ರಿಪೇರಿ ಮಾಡುವ ನನ್ನ ಗಂಡ ಬದುಕುವುದು ಅವರಿಂದಲೇ. ಇದನ್ನು ಬರೆಯಲು ನಿಮ್ಮ ನಮೂನೆಯಲ್ಲಿ ಒಂದು ಗೆರೆಯಷ್ಟೂ ಜಾಗವಿರಲಿಲ್ಲ. ಉದ್ಯಾನಕ್ಕೆ ಬರುವವರನ್ನು ಎಷ್ಟು ಕಿಲೋ ಹುಲ್ಲು ಒಯ್ಯುತ್ತೀರೆಂದು ಕೇಳಿದ್ದೀರಾ? ಓದುಗರು ಪುಸ್ತಕ ವಾಪಸ್ ಕೊಡುತ್ತಾರೆಂದು ಗ್ರಂಥಾಲಯಕ್ಕೂ ಬೀಗ ಹಾಕುತ್ತೀರಾ?

ತಿದ್ದಿಸಲು ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಗುಮಾಸ್ತರು ಕಡತದಿಂದ ತಲೆಯೆತ್ತದೆ, "ಅಕ್ಷರ ನಿಮ್ದೇ ಅಲ್ವಾ ಮೇಡಂ?" ಅಂದರು. ಮನೆಯಲ್ಲಿ ಅತ್ತೆ, "ಓದಿದ ಸೊಸೆ ನೋಡಿ, ಒಂದು ಪೆನ್ನಲ್ಲಿ ಇಡೀ ಕೆರೆ ಒಣಗಿಸಿಬಿಟ್ಲು" ಎಂದು ಬಂದವರಿಗೆಲ್ಲ ನಗುತ್ತಲೇ ಹೇಳುತ್ತಾರೆ. ಗಂಡ ರೀಲಿನ ಸ್ಕ್ರೂಗಳನ್ನೆಲ್ಲ ಡಬ್ಬಿಗೆ ತುಂಬಿಟ್ಟು, ಬೇರೆ ಊರಲ್ಲಿ ಕೆಲಸ ವಿಚಾರಿಸುತ್ತಿದ್ದಾನೆ. ಅವನು ಒಂದು ಮಾತು ಬೈದಿದ್ದರೂ ನನಗೆ ನಿದ್ದೆ ಬರುತ್ತಿತ್ತೇನೋ. ಮಗಳು ಮಲಗಿದರೂ ನಾನು ಮಲಗಲಾರೆ.

ಆದ್ದರಿಂದ, ಪಂಪು ಚಾಲೂ ಆಗುವ ಮೊದಲು ಆ ಆದೇಶವನ್ನು ತಡೆಹಿಡಿಯಿರಿ. ಯಾರು ಬರುತ್ತಾರೆ, ಏನು ಕೊಳ್ಳುತ್ತಾರೆ, ಅದರಿಂದ ಯಾರ ಒಲೆ ಉರಿಯುತ್ತದೆ ಎಂದು ಕೇಳುವ ಹೊಸ ನಮೂನೆ ತನ್ನಿ. ಈ ಸಲ ನಾನು ತುಂಬುವುದಿಲ್ಲ. ಭಾನುವಾರ ಬೆಳಗ್ಗೆ ನೀವೇ ಬನ್ನಿ. ಕೂರಲು ಮಡಚುವ ಕುರ್ಚಿ ಕೊಡುತ್ತೇನೆ, ಅದರ ಬಾಡಿಗೆಯನ್ನೂ ಕೇಳುತ್ತೇನೆ. ಹೊಸ ನಮೂನೆಯ ಮೊದಲ ಸಾಲಿಗೆ ಅದನ್ನೇ ಬರೆದುಕೊಳ್ಳಿ.

ಇಂತಿ,
ನಿಜವನ್ನೇ ಬರೆದು ಕೆಟ್ಟವಳು