ತಡವರಿಸಿದ ಎದೆಕುಡಿ

ಹುಬ್ಬಳ್ಳಿ, ಮಾಘ ಬಹುಳ ಬಿದಿಗೆ, ೨೧೯೪

ನನಗೆ ಮದುವೆಯಾಯಿತು ಕಾತ್ಯಾಯಿನಿ ಅಜ್ಜಿ, ಹೋದ ತಿಂಗಳು, ಇಂದುಧರ ಎಂಬ ಎತ್ತರದ, ಚೆಂದದ ಹುಡುಗನ ಜೊತೆ. ನಿಮಗೇ ಇನ್ನೂ ಮದುವೆಯಾಗಿಲ್ಲ. ನಾನು ನಿಮ್ಮ ಮೊಮ್ಮಗಳ ಮರಿಮಗಳು. ಈಗಲೇ ಅಜ್ಜಿ ಅನ್ನುತ್ತಿರುವುದಕ್ಕೂ ನಮ್ಮ ಕಾಲದ ವಿಚಿತ್ರ ಮಾತುಗಳಿಗೂ ಕ್ಷಮೆಯಿರಲಿ.

ನಮ್ಮಲ್ಲಿ ಮಗು ಹುಟ್ಟಿದೊಡನೆ ಅದರ ಚರ್ಮದ ಚೂರಿನಿಂದ ಹೃದಯದ ಕೋಶಗಳನ್ನು ಬೆಳೆಸಿ, ನರಕೋಶಗಳ ಜೊತೆ ಗಾಜಿನ ತಟ್ಟೆಯಲ್ಲಿಡುತ್ತಾರೆ. ಅವರೆಕಾಳಿನಷ್ಟೇ ಇದ್ದು ತಾನಾಗಿ ಮಿಡಿಯುವ ಅದಕ್ಕೆ ಎದೆಕುಡಿ ಎಂದು ಹೆಸರು. ಜ್ವರ ಬಂದರೆ ವೈದ್ಯರು ನಾಡಿ ಹಿಡಿಯುವುದಿಲ್ಲ, ಕುಡಿಯನ್ನು ನೋಡುತ್ತಾರೆ. ಧಾರೆಗೆ ಮೊದಲು ಗಂಡು ಹೆಣ್ಣಿನ ತಟ್ಟೆಗಳನ್ನು ಅಕ್ಕಪಕ್ಕ ಇಟ್ಟು ಹಿರಿಯರಿಗೆ ತೋರಿಸುವುದು ಪದ್ಧತಿ. ಇವರ ಕುಡಿ ಮಿಡಿಯುತ್ತಾ ಮಿಡಿಯುತ್ತಾ ನಿಂತು, ಮತ್ತೆ ಮಿಡಿಯಿತು. “ಮಂದೀನ ನೋಡಿ ನಾಚಿಕೊಂಡೈತಿ, ನನ್ನ ಮಗನ್ಹಂಗ” ಎಂದು ಅತ್ತೆ ನಕ್ಕರು. ಎಲ್ಲರೂ ನಕ್ಕರು, ವೈದ್ಯರೊಬ್ಬರನ್ನು ಬಿಟ್ಟು.

ಕುಡಿ ತಡವರಿಸಿದವರನ್ನು, ಎದೆ ನಿಲ್ಲುವ ಮೊದಲೇ, ವಿಶ್ರಾಂತಿಗೆಂದು ಶಾಂತಿಗೃಹಕ್ಕೆ ಒಯ್ಯುತ್ತಾರೆ. ಅಲ್ಲಿಂದ ಮರಳಿದವರನ್ನು ನಾನು ಕಂಡಿಲ್ಲ. ಹೊಸ ಮದುಮಕ್ಕಳೆಂದು ನಮ್ಮನ್ನು ಹೋಳಿ ಹುಣ್ಣಿಮೆಯವರೆಗೆ ಬಿಟ್ಟಿದ್ದಾರೆ. ಇವರೋ ನನ್ನನ್ನು ಎತ್ತಿಕೊಂಡೇ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತುತ್ತಾರೆ. ಹಾಗೆಂದು ಹೇಳಿದರೆ ವೈದ್ಯರು, “ಎದಿ ಸುಳ್ಳ ಹೇಳಬಹುದು ತಂಗಿ, ಕುಡಿ ಹೇಳಂಗಿಲ್ಲ” ಅಂದರು.

ನಾನು ಕುಡಿ ಬೆಳೆಸುವ ಕೇಂದ್ರದಲ್ಲೇ ಕೆಲಸ ಮಾಡುವವಳು. ಇವರ ಕೋಶಗಳನ್ನು ಗುಟ್ಟಾಗಿ ಮತ್ತೆ ಬೆಳೆಸಿದೆ. ಮಿಡಿತ ಹದಕ್ಕೆ ಬರುವವರೆಗೆ ಕಾದು, ಆಮೇಲೆ ನರಕೋಶ ಸೇರಿಸಿದೆ. ಆ ಕುಡಿ ಒಮ್ಮೆಯೂ ತಪ್ಪಲಿಲ್ಲ. ಆದರೆ ಕಾನೂನು ಒಪ್ಪುವುದು ಮೊದಲ ಎದೆಕುಡಿಯನ್ನು ನೀವು ಬೆಳೆಸಿದ ಕ್ರಮವನ್ನು ಮಾತ್ರ. ನಿಮ್ಮ ಪ್ರಯೋಗಾಲಯದಲ್ಲಿ ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಒಂದೇ ಇತ್ತಂತೆ. ಬೇರೆ ತಂಡದ ಸರದಿ ಬಂತೆಂದು, ಹೃದಯದ ಕೋಶಗಳು ಮಿಡಿಯಲು ಕಲಿಯುವ ಮೊದಲೇ ನೀವು ನರಕೋಶ ಸೇರಿಸಿಬಿಟ್ಟಿರಿ. ನಿಮ್ಮ ನಂತರ ಎಲ್ಲರೂ ಹಾಗೆಯೇ ಮಾಡಿದರು. ಅದರಿಂದ ಎಷ್ಟು ಕುಡಿಗಳು ಸುಮ್ಮನೆ ತಡವರಿಸಿದವೋ, ಎಷ್ಟು ಗಟ್ಟಿ ಎದೆಯವರು ಶಾಂತಿಗೃಹ ಸೇರಿದರೋ!

ಈ ಸಲ ಸರದಿ ಬಿಟ್ಟುಕೊಡಬೇಡಿ ಅಜ್ಜಿ. ಜಗಳವಾಡಿ, ಪೆಟ್ಟಿಗೆಗೆ ಬೀಗ ಹಾಕಿ, ಆದರೆ ಕಾಯಿರಿ. ಹೊಸ ದಂಪತಿ ಹಿಂದಿನ ಕಾಲದ ಒಬ್ಬ ಹಿರಿಯರ ಕಾಲಿಗೆ ಬಿದ್ದು ಬರುವುದು ನಮ್ಮಲ್ಲಿ ಸಂಪ್ರದಾಯ. ಅದಕ್ಕೆಂದೇ ಹಿಂಬಂಡಿ ಎಂಬ, ಕಾಲದಲ್ಲಿ ಹಿಂದಕ್ಕೆ ಓಡುವ ಬೋಗಿಯಿದೆ; ಈ ಕಾಗದವೂ ಅದರಲ್ಲೇ ಮೊದಲು ಬರುತ್ತದೆ. ನಾವು ನಿಮ್ಮನ್ನೇ ಆರಿಸಿದ್ದೇವೆ. ಮರಳಿದ ಮೇಲೆ ಇವರ ಜೊತೆ ಬಾಳುತ್ತೇನೋ, ಒಬ್ಬಳೇ ಉಳಿಯುತ್ತೇನೋ, ನಿಮ್ಮ ಕೈಯಲ್ಲಿದೆ. ನರಕೋಶದ ಶೀಶೆಯನ್ನು ನಾವು ಬರುವವರೆಗಾದರೂ ತೆರೆಯಬೇಡಿ. ಬರುವುದು ಬುಧವಾರ ಬೆಳಿಗ್ಗೆ, ಸೊಲ್ಲಾಪುರ–ಹುಬ್ಬಳ್ಳಿ ಪ್ಯಾಸೆಂಜರಿನ ಕೊನೆಯ ಬೋಗಿಯಲ್ಲಿ.