ಕಥೆ ಮುಗಿಯೋತನಕ ಯಾರೂ ಏಳಬಾರದು

ಇವಳೇ, ಸುಧಾಳ ಅಮ್ಮಾ,

ನಿನ್ನನ್ನು ಹೆಸರು ಹಿಡಿದು ಕರೆದವನಲ್ಲ, ಈಗ ಕಾಗದದ ಮೇಲೂ ಕೈ ಓಡುತ್ತಿಲ್ಲ. ಇಷ್ಟರಲ್ಲೇ ಬರೆದವನು ಯಾರೆಂದು ನಿನಗೆ ಗೊತ್ತಾಗುತ್ತದೆ ಬಿಡು.

ತ್ರಿಪ್ಲಿಕೇನಿನ ಹಳೇ ಪುಸ್ತಕದ ಅಂಗಡಿಯಿಂದ ಆ ದಪ್ಪ ಕಾದಂಬರಿಯನ್ನು ಎದೆಗವಚಿಕೊಂಡು ತಂದ ಸಂಜೆ ನೆನಪಿದೆಯೇ? ಬಸ್ಸಿನಲ್ಲಿ ನನಗೆ ಹಿಡಿಯಲೂ ಕೊಡಲಿಲ್ಲ ನೀನು. ಅಸಾಧಾರಣ ಬುದ್ಧಿಯ ಮಕ್ಕಳು, ಕಡಲ ದಂಡೆಯ ಒಂದು ಪಾಳು ದೀಪಸ್ತಂಭ, ಅದರ ತುದಿಯಲ್ಲಿ ಕೂಡಿಹಾಕಿದ ಮುದಿ ವಿಜ್ಞಾನಿ, ಅವನನ್ನು ಬಿಡಿಸುವ ಸಾಹಸ... ಮೊಮ್ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ ಎಂದೆ ನೀನು. ಅನ್ವಿಗೆ ಒಂಬತ್ತು, ನಿಧಿಗೆ ಐದು. ಇಬ್ಬರಿಗೂ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು ಬೆರೆತ ಮಾತು. ಇಂಗ್ಲಿಷ್ ಪುಟ ನೋಡುತ್ತ ಕನ್ನಡದಲ್ಲಿ ಕಥೆ ಹೇಳುವ ನಿನ್ನ ಉಪಾಯ ಹುಟ್ಟಿದ್ದು ಹಾಗೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು ನೀನು. ನಾನೋ, ಕಾಲೇಜಿನ ಇಂಗ್ಲಿಷ್ ನಾನ್-ಡೀಟೇಲ್ ಪುಸ್ತಕವನ್ನು ಗೈಡ್ ನೋಡಿ ಪಾಸು ಮಾಡಿದವನು.

ನೀನು ಪುಸ್ತಕ ಹಿಡಿದು ಚಾಪೆಯ ಮೇಲೆ ಕೂತರೆ ಮನೆಯ ಕಾನೂನೇ ಬೇರೆಯಾಗುತ್ತಿತ್ತು. ಒಂದೊಂದು ಸಂಗತಿಗೂ ಹೂಂಗುಟ್ಟಬೇಕು. ಮೊದಲು ಅನ್ವಿ, ಆಮೇಲೆ ನಿಧಿ, ಕೊನೆಗೆ ಬೆತ್ತದ ಕುರ್ಚಿಯಿಂದ ನಾನು. ನಾನು ತೂಕಡಿಸಿ ಮರೆತರೆ ನೀನು ಪುಸ್ತಕ ಮುಚ್ಚಿಬಿಡುತ್ತಿದ್ದೆ. “ಹೂಂ ಅನ್ನೋರೇ ಇಲ್ದಿದ್ರೆ ನಾನ್ಯಾಕೆ ಗಂಟ್ಲು ಹರ್ಕೊಳ್ಲಿ?” ಎಂದು ನನಗೆ ಚುಚ್ಚುತ್ತಿದ್ದೆ. ನೀರು ಕುಡಿಯಲು ಹೋಗುವಂತಿಲ್ಲ. ಕಥೆ ಮುಗಿಯೋತನಕ ಯಾರೂ ಏಳಬಾರದು, ಅಷ್ಟೇ. ಆ ಮಾತು ಒಂದು ಮಗುವಿನ ಮನಸ್ಸಿನಲ್ಲಿ ಎಲ್ಲಿ ಹೋಗಿ ಕೂತಿತೆಂದು ಯಾರಿಗೆ ಗೊತ್ತಿತ್ತು?

ಪುಸ್ತಕ ಅರ್ಧದಲ್ಲಿರುವಾಗಲೇ ನೀನು ಹೋಗಿಬಿಟ್ಟೆ. ಊರಿಗೆ ಒಯ್ಯುವ ಮೊದಲು ನಿನ್ನನ್ನು ಇದೇ ಹಾಲಿನಲ್ಲಿ, ನನ್ನ ಬೆತ್ತದ ಕುರ್ಚಿಯಲ್ಲೇ ಕೂರಿಸಿದ್ದರು. ಹಣೆ ತುಂಬ ವಿಭೂತಿ, ತೊಡೆಯ ಮೇಲೆ ಕೈ, ನೆಟ್ಟಗಿನ ಬೆನ್ನು. ನಮ್ಮಲ್ಲಿ ಹೀಗೆ ಕೂರಿಸಿಯೇ ಮಣ್ಣು ಮಾಡುತ್ತಾರೆಂದು ಕೆಳಗಿನ ಮನೆಯ ಮಾಮಿಗೆ ಹೇಗೆ ತಿಳಿಯಬೇಕು? ಅಜ್ಜಿಯನ್ನು ಯಾಕೆ ಮಲಗಿಸಿಲ್ಲ ಎಂದು ಅನ್ವಿಯನ್ನೇ ಕೇಳಿದರಂತೆ. ಕಥೆ ಇನ್ನೂ ಮುಗಿದಿಲ್ಲವಲ್ಲ, ಎಂದಳಂತೆ ಇವಳು. ಮಾಮಿ ಸೆರಗು ಬಾಯಿಗಿಟ್ಟುಕೊಂಡು ಬಂದು ನನಗೆ ಹೇಳಿದರು. ದುಃಖದ ಮನೆಯಲ್ಲಿ ಮಕ್ಕಳ ಮಾತಿಗೆ ಕಿವಿಗೊಡುವವರು ಯಾರು? ಮಕ್ಕಳನ್ನು ಊರಿಗೆ ಕರೆದುಕೊಂಡು ಹೋಗಲಿಲ್ಲ. ಅನ್ವಿ ಕೊನೆಯದಾಗಿ ಕಂಡದ್ದು, ಕೂತ ನಿನ್ನನ್ನು.

ಕಾರ್ಯಗಳನ್ನೆಲ್ಲ ಮುಗಿಸಿ ಬೆಸೆಂಟ್ ನಗರಕ್ಕೆ, ಸುಧಾಳ ಈ ಮನೆಗೆ ಮರಳಿದ ಮೇಲೆ ಒಂದು ಸಂಜೆ ಅವಳೇ ಪುಸ್ತಕ ತಂದು ನನ್ನ ಕೈಗಿಟ್ಟಳು. ಕಿಟಕಿಯ ಬೆಳಕಿಗೆ ಮುಖ ಮಾಡಿ ಚಾಪೆಯ ಮೇಲೆ ಕೂತೆ. ಕುರ್ಚಿ ಬೆನ್ನ ಹಿಂದೆ. ‘ಗಿಫ್ಟೆಡ್ ಚಿಲ್ಡ್ರನ್’ ಎಂದಿತ್ತು. ಯಾರೋ ಉಡುಗೊರೆಯಾಗಿ ಕೊಟ್ಟುಬಿಟ್ಟ ಮಕ್ಕಳು, ಪಾಪ, ಎಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕರು. ನೀನಿದ್ದಿದ್ದರೆ... ಇರಲಿ. ಒಮ್ಮೆ ಕೇಳಿದ್ದನ್ನು ಎಂದೂ ಮರೆಯದ ಆ ಹುಡುಗಿ ದೀಪಸ್ತಂಭದ ಬಾಗಿಲು ತಳ್ಳಿದಳು, ಎಂದೆ. ಅನ್ವಿ ಹೂಂ ಎಂದಳು. ನಿಧಿ ಹೂಂ ಎಂದಳು. ಮೂರನೆಯದು ನನ್ನ ಬೆನ್ನ ಹಿಂದಿನಿಂದ ಬಂತು.

ಸಾರಿಗೆ ಒಗ್ಗರಣೆ ಹಾಕುತ್ತ, ನನ್ನ ಹರಟೆಗೆ ಒಳಗಿನಿಂದಲೇ ಅನ್ನುತ್ತಿದ್ದೆಯಲ್ಲ, ಬಾಯಿ ತೆರೆಯದ ಹೂಂ, ಅದೇ. ಸಮುದ್ರದ ಗಾಳಿಗೆ ಬೆತ್ತ ನರಳಿತು ಎಂದುಕೊಳ್ಳೋಣವೇ? ಆದರೆ ಮಕ್ಕಳು ಅದಕ್ಕಾಗಿ ಕಾದಿದ್ದರು. ಅದು ಬಂದ ಮೇಲೆಯೇ, ಮುಂದೆ ಹೇಳು ಎಂಬಂತೆ ನನ್ನ ಮುಖ ನೋಡಿದರು. ಯಾರೇ ಅದು, ಎಂದೆ. “ಅಜ್ಜಿದಾನ್ ತಾತ,” ಎಂದಳು ಅನ್ವಿ. ಅಜ್ಜಿಯೇ ಅಂತೆ. ಕಥೆ ಮುಗಿಯದೆ ಅವಳು ಹೇಗೆ ಏಳುತ್ತಾಳೆ ಎಂದು ತಿರುಗಿ ನನ್ನನ್ನೇ ಕೇಳಿದಳು. ನಾನು ಹಿಂದೆ ನೋಡಲಿಲ್ಲ. ಹೆದರಿಕೆಯೇ? ಅಲ್ಲ. ನೋಡಿದಾಗ ಕುರ್ಚಿ ಖಾಲಿ ಇದ್ದುಬಿಟ್ಟರೆ...

ಉಳಿದ ಪುಟಗಳು ತೆಳುವಾಗುತ್ತ ಬಂದಾಗ ನಾನು ಪುಸ್ತಕದಲ್ಲಿಲ್ಲದ ಬಿರುಗಾಳಿ ಎಬ್ಬಿಸಿದೆ. ಕಳ್ಳಸಾಗಣೆಯ ದೋಣಿಯೊಂದನ್ನು ತಂದೆ. ಅರಸೀಕೆರೆಯ ನಮ್ಮ ಸ್ಟೇಷನ್ ಮಾಸ್ಟರನ್ನೂ ಅದಕ್ಕೆ ಹತ್ತಿಸಿದೆ. ಅನ್ವಿ ಇಂಗ್ಲಿಷ್ ಓದಬಲ್ಲವಳು, ಹಾಳೆ ತಿರುಗುತ್ತಿಲ್ಲವೆಂದು ಅವಳಿಗೆ ಕಾಣುತ್ತಿತ್ತು. ಆದರೂ ಹೂಂಗುಟ್ಟುತ್ತಲೇ ಇದ್ದಳು. ನನಗೆ ಬೇಕಾದದ್ದೇ ಅವಳಿಗೂ ಬೇಕಿತ್ತು. ಮುಗಿದರೆ ನೀನು ಎದ್ದು ಹೋಗುತ್ತೀಯಲ್ಲ.

ಸುಧಾ ಕೀಲ್ಪಾಕಿನ ಆಸ್ಪತ್ರೆಯಿಂದ ಬೇಗ ಬಂದ ದಿನ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಎಲ್ಲ ನೋಡಿದಳು. ಮಕ್ಕಳು ಒಳಗೆ ಹೋದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: “ಅಪ್ಪಾ, ಅನ್ವಿ ಸಾಯಂಕಾಲ ಆಟಕ್ಕೂ ಇಳೀತಿಲ್ಲ. ಗೆಳತೀರ ಮನೆಗೂ ಹೋಗಲ್ಲ. ಅಜ್ಜಿ ಒಬ್ಳೇ ಕೂತಿರ್ತಾಳೆ ಅಂತಾಳೆ. ಮುಗಿಸ್ಬಿಡಿ ಆ ಪುಸ್ತಕಾನ.” ನಿನಗೆ ಮೂರನೆಯ ಹೂಂ ಕೇಳಿಸಿತೇ, ಎಂದು ಅವಳನ್ನು ಕೇಳಿದೆ. ನಿನ್ನ ಡಾಕ್ಟರ್ ಮಗಳು ಕುರ್ಚಿಯ ಕಡೆ ನೋಡಿದಳು. “ಅದೊಂದನ್ನ ಕೇಳ್ಬೇಡಿ,” ಎಂದು ಕೈಕಾಲು ತೊಳೆಯಲು ಹೋದಳು.

ಆಮೇಲಿನ ಸಂಜೆಗಳಲ್ಲಿ ನಿನ್ನ ಹೂಂ ತಡವಾಗಿ ಬರತೊಡಗಿತು. ಮಕ್ಕಳು ಕಾಯಬೇಕು, ನಾನು ಉಸಿರು ಹಿಡಿಯಬೇಕು, ಆಗ ಎಲ್ಲೋ ದೂರದಿಂದ ಬಂದಂತೆ, ತ್ರಾಣವೇ ಇಲ್ಲದೆ... ಒಂದು ದಿನ ನಿಧಿ ಎದ್ದು ಹೋಗಿ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಗಾಳಿಯಲ್ಲಿ ಏನನ್ನೋ ಒತ್ತತೊಡಗಿದಳು. ಅಂದು ಮೊದಲ ಸಲ ತಿರುಗಿ ನೋಡಿದೆ. ಕೂತವಳ ಮಂಡಿ ಎಲ್ಲಿರಬೇಕೋ ಸರಿಯಾಗಿ ಅಲ್ಲೇ ಆ ಪುಟ್ಟ ಕೈ ಆಡುತ್ತಿತ್ತು. “ಅಜ್ಜಿ ಪಾವಂ,” ಎಂದಳು, ಪಾಪ ಎನ್ನುವಂತೆ. “ಕಾಲು ಜೋಮು ಹಿಡ್ದಿದೆ.”

ಅನ್ವಿ ತಂಗಿಯ ಕೈಯನ್ನೇ ನೋಡುತ್ತ ಕೂತಿದ್ದಳು. ಆಮೇಲೆ ನನ್ನಿಂದ ಪುಸ್ತಕ ತೆಗೆದುಕೊಂಡು, ಕೊನೆಯ ಅಧ್ಯಾಯ ತೆರೆದು ವಾಪಸು ಕೊಟ್ಟಳು. “ಇದನ್ನೇ ಓದು ತಾತ. ಏನೂ ಸೇರಿಸ್ಬೇಡ.” ಕನ್ನಡದಲ್ಲಿ ಹೇಳಿದಳು, ಒಂದು ತಮಿಳು ಪದವೂ ಇಲ್ಲದೆ. ಅಡುಗೆಮನೆಯಿಂದ ಸುಧಾಳೂ ಬಂದು ಗೋಡೆಗೆ ಒರಗಿ ನಿಂತಳು. ಓದಿದೆ.

ನಿನಗೆ ಕೇಳಿಸಿತೋ ಇಲ್ಲವೋ. ಆ ಅಧ್ಯಾಯದುದ್ದಕ್ಕೂ ಹಿಂದಿನಿಂದ ಹೂಂ ಬರಲಿಲ್ಲ, ಅದಕ್ಕೇ ಬರೆದು ತಿಳಿಸುತ್ತಿದ್ದೇನೆ. ಏನಾಯಿತೆಂದರೆ, ಬುದ್ಧಿವಂತ ಮಕ್ಕಳು ಬೀಗಗಳನ್ನೆಲ್ಲ ತೆರೆದರು, ಆದರೂ ವಿಜ್ಞಾನಿ ಹೊರಗೆ ಬರಲಿಲ್ಲ. ಕತ್ತಲೆಯೇ ಅವನಿಗೆ ಅಭ್ಯಾಸವಾಗಿಹೋಗಿತ್ತು. ಯಾವ ವಿದ್ಯೆಯೂ ಇಲ್ಲವೆಂದು ಎಲ್ಲರೂ ತಳ್ಳಿಹಾಕಿದ್ದ ಕೊನೆಯ ಹುಡುಗಿ ಅವನ ಪಕ್ಕ ಸುಮ್ಮನೆ ಕೂತಳು, ಅವನೇ ಏಳುವ ತನಕ. ಆಮೇಲೆ ಕೈ ಹಿಡಿದು ಇಳಿಸಿಕೊಂಡು ಬಂದಳು. ಎಲ್ಲರೂ ಮನೆ ಸೇರಿದರು. ನನ್ನ ಇಂಗ್ಲಿಷಿಗೆ ದಕ್ಕಿದ್ದು ಇಷ್ಟು.

ಪುಸ್ತಕ ಮುಚ್ಚಿದಾಗ ಬೆನ್ನ ಹಿಂದೆ ಬೆತ್ತ ಕಿರ್ರೆಂದಿತು, ಎರಡೂ ಕೈ ಊರಿ ಭಾರ ಎತ್ತಿದ ಹಾಗೆ. ಅನ್ವಿ ಎದ್ದು ಹೋಗಿ ಮುಂಬಾಗಿಲು ತೆರೆದಳು. ಮೆಟ್ಟಿಲ ಕಡೆ ನೋಡುತ್ತ, “ಹೋಗ್ಬಿಟ್ಟು ಬಾ ಅಜ್ಜಿ,” ಎಂದಳು. ಸಾವಿನ ಮನೆಯಿಂದ ಹೊರಡುವವರೂ ಬರ್ತೀವಿ ಅನ್ನುವುದಿಲ್ಲ, ಹೋದವರನ್ನಂತೂ ಬಾ ಎಂದು ಕರೆಯಲೇಬಾರದು. ಈ ಪದ್ಧತಿಯನ್ನು ಅವಳಿಗೆ ಯಾರು ಹೇಳಿಕೊಟ್ಟಿದ್ದರು? ಸುಧಾ ತಡೆಯಲು ಹೊರಟಳು, ಸುಮ್ಮನಿರು ಎಂದು ನಾನು ಕೈಸನ್ನೆ ಮಾಡಿದೆ.

ಅನ್ವಿ ಈಗ ಆಟಕ್ಕೆ ಇಳಿಯುತ್ತಾಳೆ. ನಿನ್ನೆ ಮಂಡಿ ತರಚಿಕೊಂಡು ಬಂದಳು, ಸುಧಾ ಬೈಯುತ್ತಲೇ ನಗುತ್ತಿದ್ದಳು. ಬೆತ್ತದ ಕುರ್ಚಿಯಲ್ಲಿ ಮತ್ತೆ ನಾನೇ ಕೂರುತ್ತೇನೆ. ಬಿಸಿಲು ಬೀಳದ ಮೂಲೆ ಅದು. ಆದರೂ ಕೆಲವು ಸಂಜೆ, ಕೂರುವ ಮೊದಲೇ ಬೆಚ್ಚಗಿರುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಕೇಳು. ಮಗು ಅಂದದ್ದರಲ್ಲಿ ಹೋಗು ಅನ್ನುವುದನ್ನಷ್ಟೇ ನೀನು ತೆಗೆದುಕೊಂಡು ಹೋಗು. ಬಾ ಅನ್ನುವುದನ್ನು ನಾನು ಇಲ್ಲಿ ಜೋಪಾನವಾಗಿ ಇಟ್ಟುಕೊಂಡಿರುತ್ತೇನೆ.