ಹದಿನಾಲ್ಕು ತಿಂಗಳ ಸರದಿ

ಷಾಮ್ ಷುಯ್ ಪೋ, ಹಾಂಗ್‌ಕಾಂಗ್

ಪ್ರೀತಿಯ ಮಗಳು ಸೂಟ್‌ಯಿಂಗ್‌ಗೆ,

ನಮ್ಮದು ಒಂದೇ ಕೋಣೆಯ ಮನೆ. ಅಪ್ಪನ ಎದುರಿಗೆ ಫೋನಿನಲ್ಲಿ ಹೇಳಲಾಗದೆ ಬರೆಯುತ್ತಿದ್ದೇನೆ. ಸಾಲುಗಳು ಸೊಟ್ಟಗಿದ್ದರೆ ಬೇಸರಿಸಬೇಡ.

ನನ್ನ ಕಣ್ಣಿನ ಪೊರೆ ತೆಗೆಯಲು ಸರ್ಕಾರಿ ಆಸ್ಪತ್ರೆಯವರು ಕೊಟ್ಟ ಸರದಿಗೆ ಇನ್ನೂ ಹದಿನಾಲ್ಕು ತಿಂಗಳಿದೆ. ಖಾಸಗಿಯಲ್ಲಿ ಮಾಡಿಸೋಣ ಎಂದು ನೀನು ಅಂದಾಗ, ನಿನ್ನ ಮದುವೆಯ ಹಣ ಮುಟ್ಟುವುದಿಲ್ಲವೆಂದು ಜಗಳವಾಡಿದ್ದೆ.

ಹೋದ ಮಂಗಳವಾರ ಅಪ್ಪನಿಗೆ ರಕ್ತದೊತ್ತಡದ ಮಾತ್ರೆಯ ಬದಲು ನನ್ನ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟುಬಿಟ್ಟೆ. ಮಾರ್ಕೆಟ್ಟಿಗೆ ಹೋದವರು ಮೀನಿನಂಗಡಿಯ ಮುಂದೆ ಬೆವತು ಕುಸಿದರಂತೆ. ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಾರೆ. ಗಾಬರಿಯಾಗಬೇಡ.

"ಎರಡೂ ಒಂದೇ ಥರ ಕಾಣ್ಸಿದ್ವು ಕಣ್ರೀ," ಎಂದು ನಾನು ಅತ್ತುಬಿಟ್ಟೆ.

"ನಂಗೆ ಆಗ್ಲೇ ಗೊತ್ತಾಗಿತ್ತು ಕಣೇ," ಎಂದರು. "ಬಣ್ಣ ಬೇರೆ ಅಂದ್ರೆ ನೀನು ಕುಗ್ಗಿಹೋಗ್ತೀಯ ಅಂತ ನುಂಗ್ಬಿಟ್ಟೆ. ಒಂದು ಮಾತ್ರೆ ತಾನೇ?"

ಇನ್ನು ನಾನು ಏನು ಕೊಟ್ಟರೂ ಅವರು ಹೀಗೇ ನುಂಗುತ್ತಾರೆ, ಮಗಳೇ. ಖಾಸಗಿ ಡಾಕ್ಟರ ಹತ್ತಿರ ಬೇಗ ಒಂದು ದಿನ ಗೊತ್ತುಮಾಡು. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಫೋನ್ ಮಾಡಿ, ಮಾತ್ರೆಯ ಹೆಸರನ್ನು ಅವರ ಬಾಯಿಂದಲೇ ಓದಿಸು.

ನಿನ್ನ
ಅಮ್ಮ